ಡಿಕ್ಕಿಯಲ್ಲಿ ಸಿಕ್ಕಿಕೊಂಡ ಔಷಧಿ

ಒಂದು ಬೇಸಿಗೆಯ ದಿನ ನಾವು ತುಮಕೂರಿನಿಂದ ಹಿರೇಹಳ್ಳಿಯ ಸಂಬಂಧಿಕರ ಮನೆಗೆ ಊಟಕ್ಕೆ ಹೋಗಿದ್ದೆವು. ದೊಡ್ಡವರು ಒಳಗೆ ಮಾತಿನಲ್ಲಿ ಮುಳುಗಿದ್ದಾಗ ಮಕ್ಕಳು ಕಾರಿನ ಬಾಗಿಲು ತೆರೆದಿಟ್ಟು, ಫ್ಯಾನ್ ಹಾಕಿಕೊಂಡು, ಹಾಡು ಕೇಳುತ್ತಾ ಕುಳಿತಿದ್ದರು. ಎಂಜಿನ್ ಓಡುತ್ತಿರಲಿಲ್ಲ. ಎರಡು ಗಂಟೆ ದಾಟಿದ ಮೇಲೆ ಊಟಕ್ಕೆ ಚಾಪೆ ಹಾಸಿದರು. ಊಟಕ್ಕೆ ಮುಂಚೆ ಅಮ್ಮಿಗೆ ಇನ್ಸುಲಿನ್ ಕೊಡಬೇಕು. ಅದಿದ್ದ ತಂಪು ಚೀಲ ಡಿಕ್ಕಿಯಲ್ಲಿತ್ತು.

ಗುಂಡಿ ಒತ್ತಿದರೆ ಡಿಕ್ಕಿ ತೆರೆಯಲಿಲ್ಲ. ಲೈಟಿಲ್ಲ, ಹಾರ್ನಿಲ್ಲ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಡಿಕ್ಕಿಗೆ ಕೀ ಹಾಕಲು ತೂತೇ ಇರಲಿಲ್ಲ. ನಮ್ಮ ಮನೆಯವರು ಸ್ಕ್ರೂಡ್ರೈವರ್ ತಂದು ಮೀಟಲು ಹೊರಟರು. "ನನ್ನ ಊಟ ಈ ಡಬ್ಬದೊಳಗೆ ಸಿಕ್ಕಿಕೊಂಡಿದೆ ನೋಡಮ್ಮ" ಎಂದು ಅಮ್ಮಿ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಅಷ್ಟರಲ್ಲಿ ಹೆದ್ದಾರಿ ಬದಿಯ ಗ್ಯಾರೇಜಿನ ಹುಡುಗನೊಬ್ಬ ಬಂದ. ಅವನು ಡಿಕ್ಕಿಯ ಹತ್ತಿರ ಹೋಗಲೇ ಇಲ್ಲ. ಹಿಂದಿನ ಸೀಟಿನ ಮೇಲ್ತುದಿಯಲ್ಲಿದ್ದ ಗುಬುಟನ್ನು ಎಳೆದ. ಒರಗು ಮುಂದಕ್ಕೆ ಮಡಚಿಕೊಂಡಿತು. ಕೈ ಚಾಚಿ ಚೀಲ ತೆಗೆದುಕೊಟ್ಟ. ಎರಡು ವರ್ಷ ಓಡಿಸಿದ ಕಾರಿನಲ್ಲಿ ನಾವು ಒಮ್ಮೆಯೂ ಆ ಸೀಟನ್ನು ಮಡಚಿ ನೋಡಿರಲಿಲ್ಲ!

ಸಹೋದರಿಯರೇ, ಕಾರು ಓಡಿಸುವವರು ಗಂಡಸರೇ ಆದರೂ ಈ ವಿಷಯಗಳು ನಮಗೂ ತಿಳಿದಿರಬೇಕು.

ಬಾಗಿಲೂ ತೆರೆಯದಿದ್ದರೆ ಗಾಬರಿಯಾಗಬೇಡಿ. ಹೆಚ್ಚಿನ ರಿಮೋಟ್ ಕೀಗಳಲ್ಲಿ ಸಣ್ಣ ಲೋಹದ ಕೀಲಿಯೊಂದು ಅಡಗಿರುತ್ತದೆ. ಅದರ ತೂತು ಚಾಲಕನ ಬಾಗಿಲಲ್ಲಿರುತ್ತದೆ; ಕೆಲವು ಕಾರುಗಳಲ್ಲಿ ಹಿಡಿಕೆಯ ಮುಚ್ಚಳದ ಕೆಳಗಿರುತ್ತದೆ. ಹಿಂದಿನ ಸೀಟು ಮಡಚದ ಕಾರುಗಳೂ ಇವೆ. ಇನ್ನು ಕೆಲವದರಲ್ಲಿ ಡಿಕ್ಕಿ ಬಾಗಿಲಿನ ಒಳಬದಿಯಲ್ಲಿ ಕೈಯಿಂದ ಬೀಗ ತೆರೆಯುವ ಸನ್ನೆ ಇರುತ್ತದೆ. ನಿಮ್ಮ ಕಾರಿನಲ್ಲಿ ಯಾವುದಿದೆ ಎಂಬುದನ್ನು ಕಾರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಇನ್ನೊಂದು ದಾರಿಯೂ ಇದೆ. ಸಾಮಾನ್ಯವಾಗಿ ಬಾನೆಟ್ ತೆರೆಯುವುದು ತಂತಿಯಿಂದ; ಅದಕ್ಕೆ ಕರೆಂಟು ಬೇಡ. ಬಾನೆಟ್ ತೆರೆದು, 12 ವೋಲ್ಟಿನ ಬ್ಯಾಟರಿಯಿರುವ ಇನ್ನೊಂದು ಕಾರಿನಿಂದ ಜಂಪರ್ ಕೇಬಲ್ ಮೂಲಕ ಕರೆಂಟು ಕೊಟ್ಟರೆ ಡಿಕ್ಕಿಯ ಗುಂಡಿ ಮತ್ತೆ ಕೆಲಸ ಮಾಡುತ್ತದೆ. ಬ್ಯಾಟರಿಯೇ ಡಿಕ್ಕಿಯಲ್ಲಿರುವ ಕೆಲವು ಕಾರುಗಳಲ್ಲೂ ಇದಕ್ಕಾಗಿ ಬಾನೆಟ್ ಕೆಳಗೆ ಜೋಡಣೆಯ ಜಾಗ ಕೊಟ್ಟಿರುತ್ತಾರೆ. ಕೆಂಪು ಕೇಬಲನ್ನು ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ನಂತರ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಹಾಕಬೇಕು. ಕಪ್ಪು ಕೇಬಲನ್ನು ಒಳ್ಳೆಯದರ ಮೈನಸ್‌ಗೆ ಹಾಕಿ, ಅದರ ಇನ್ನೊಂದು ತುದಿಯನ್ನು ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು. ಗೊತ್ತಿಲ್ಲದವರು ತಿಳಿದವರಿಂದಲೇ ಮಾಡಿಸಿ.

ಮಕ್ಕಳಿಗೆ ಡಿಕ್ಕಿ ಆಟದ ಜಾಗವಲ್ಲವೆಂದು ಹೇಳಿಕೊಡಿ. 1998ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಮೂರು ಘಟನೆಗಳಲ್ಲಿ 11 ಮಕ್ಕಳು ಡಿಕ್ಕಿಯೊಳಗೆ ಸಿಕ್ಕಿ ಸತ್ತರು. ಆ ಬಳಿಕವೇ ಅಲ್ಲಿ ಹೊಸ ಕಾರುಗಳ ಡಿಕ್ಕಿಯೊಳಗೆ, ಕತ್ತಲಲ್ಲೂ ಕಾಣುವ, ಒಳಗಿನಿಂದಲೇ ತೆರೆಯುವ ಹಿಡಿ ಕಡ್ಡಾಯವಾಯಿತು.

ನಿಜ ಹೇಳಬೇಕೆಂದರೆ ಆ ದಿನದ ಮೊದಲ ತಪ್ಪು ನನ್ನದೇ. ಬಳಸುತ್ತಿರುವ ಇನ್ಸುಲಿನ್ನನ್ನು ಸಾಮಾನ್ಯವಾಗಿ 30 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬಾರದು. ಬಿಸಿಲಲ್ಲಿ ನಿಂತ ಕಾರು ಎಷ್ಟು ಕಾಯುತ್ತದೆಂದು ನಮಗೆಲ್ಲ ಗೊತ್ತಿದೆ. ಚೀಲದೊಳಗಿನ ಐಸ್ ಇನ್ನೂ ಕರಗದಿದ್ದುದರಿಂದ ಔಷಧಿ ಉಳಿಯಿತು. ಈಗ ಅಮ್ಮಿಯ ಚೀಲ ನನ್ನ ಕೈಯಲ್ಲೇ ಇರುತ್ತದೆ. ಹೋದ ಮನೆಯಲ್ಲಿ ಮೊದಲು ಫ್ರಿಜ್ ಸೇರುತ್ತದೆ.

ಈ ಭಾನುವಾರ ಬಿಡುವು ಮಾಡಿಕೊಂಡು, ಕಾರು ಚೆನ್ನಾಗಿರುವಾಗಲೇ, ಲೋಹದ ಕೀಲಿಯಿಂದ ಬಾಗಿಲನ್ನೊಮ್ಮೆ ತೆರೆದು ನೋಡಿ. ಸೀಟು ಮಡಚಿ ಡಿಕ್ಕಿಯೊಳಗೆ ಕೈ ಹಾಕಿ ನೋಡಿ. ಹತ್ತು ನಿಮಿಷ ಸಾಕು.