ಎಡಿತ್‌ಳ ಅಮ್ಮ ಗೌರಮ್ಮ

ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಕೊಡಗಿನ ರಾಜನ ಮಗಳೊಬ್ಬಳ ಸಮಾಧಿಯಿದೆ. ಹೆಸರು ವಿಕ್ಟೋರಿಯಾ ಗೌರಮ್ಮ. 1864ರಲ್ಲಿ ತೀರಿಕೊಂಡಾಗ ಆಕೆಗೆ 22 ವರ್ಷ. ಹಿಂದೆ ಬಿಟ್ಟುಹೋದದ್ದು ಇನ್ನೂ ಮೂರು ತುಂಬದ ಹೆಣ್ಣುಮಗು. ಪದಚ್ಯುತ ರಾಜನ ಮಗಳು, ಲೆಫ್ಟಿನೆಂಟ್ ಕರ್ನಲ್ ಒಬ್ಬನ ಪ್ರೀತಿಯ ಹೆಂಡತಿ, ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತಧರ್ಮಕ್ಕೆ ಸೇರಿದವಳು ಎಂದೆಲ್ಲ ಕಲ್ಲಿನ ಮೇಲೆ ಬರೆದಿದೆ. ಒಂದು ಮಗುವಿನ ತಾಯಿ ಎಂದು ಮಾತ್ರ ಬರೆದಿಲ್ಲ.

'ಕೊಡಗಿನ ಗೌರಮ್ಮ' ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು 1939ರಲ್ಲಿ 27ನೇ ವಯಸ್ಸಿಗೇ ಹೊಳೆಪಾಲಾದ ನಮ್ಮ ಕಥೆಗಾರ್ತಿ. ಆಕೆಗಿಂತ ಮುಕ್ಕಾಲು ಶತಮಾನ ಹಿಂದೆ ತೀರಿಕೊಂಡ ಈ ಗೌರಮ್ಮನನ್ನು ನಾವು ನೆನೆದದ್ದು ಕಡಿಮೆ. ಆಕೆಯ ಅಪ್ಪನನ್ನು ಮಾತ್ರ ಚೆನ್ನಾಗಿ ಬಲ್ಲೆವು. ಮಾಸ್ತಿಯವರಿಗೆ 1983ರಲ್ಲಿ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಅವನದೇ ಹೆಸರಿನದು: 'ಚಿಕವೀರ ರಾಜೇಂದ್ರ'.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಡಿಕೇರಿಯನ್ನು ಹಿಡಿಯಿತು. ಹಾಲೇರಿ ವಂಶದ ಈ ಕೊನೆಯ ಅರಸನನ್ನು ಗಡೀಪಾರು ಮಾಡಿ ಕಡೆಗೆ ಕಾಶಿಯಲ್ಲಿ ಇರಿಸಿದರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. ಕೊಡಗಿನ ರಾಜಕುಮಾರಿ ಎಂದು ಇಡೀ ಇಂಗ್ಲೆಂಡೇ ಕರೆದ ಈ ಹುಡುಗಿ ಕೊಡಗಿನ ಮಣ್ಣು ತುಳಿದವಳೇ ಅಲ್ಲ. ಕಾವೇರಿಯಾಗಲಿ ಏಲಕ್ಕಿಯ ಮಲೆಗಳಾಗಲಿ ಆಕೆಗೆ ಅಪ್ಪನ ಬಾಯಿಂದ ಕೇಳಿದ ಸಂಗತಿಗಳಷ್ಟೇ ಆಗಿದ್ದಿರಬೇಕು.

1852ರಲ್ಲಿ ರಾಜ ಮಗಳನ್ನು ಕರೆದುಕೊಂಡು ಹಡಗು ಹತ್ತಿದ. ಕಂಪನಿಯ ಬಳಿ ಉಳಿದುಹೋಗಿದ್ದ ತನ್ನ ಮನೆತನದ ಹಣವನ್ನು ಕೇಳುವುದು ಅವನ ಒಂದು ಉದ್ದೇಶ. ಮಗಳನ್ನು ಕ್ರೈಸ್ತಳಾಗಿ ಬೆಳೆಸಲು ರಾಣಿಗೆ ಒಪ್ಪಿಸುವುದು ಇನ್ನೊಂದು. ಎರಡನೆಯದು ನೆರವೇರಿದರೆ ಮೊದಲನೆಯದಕ್ಕೂ ದಾರಿಯಾದೀತು ಎಂದು ಅವನು ಎಣಿಸಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಬೇಸಿಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಹುಡುಗಿಗೆ ದೀಕ್ಷಾಸ್ನಾನ ಕೊಟ್ಟರು. ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ವೀರಶೈವ ಮನೆತನದ ಗೌರಮ್ಮ ಹನ್ನೊಂದರ ಆಸುಪಾಸಿನಲ್ಲಿ ವಿಕ್ಟೋರಿಯಾ ಗೌರಮ್ಮಳಾದಳು.

ಅದೇ ವರ್ಷ ರಾಣಿಯ ಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ಚಿತ್ರ ಬರೆದ. ಉಡುಗೆ ತೊಡುಗೆ ಭಾರತದ್ದು, ಕೈಯಲ್ಲಿ ಬೈಬಲ್. ಮುಂದೆ ಶಿಲ್ಪಿ ಮಾರೊಕೆಟ್ಟಿ ಆಕೆಯ ಮುಖವನ್ನು ಅಮೃತಶಿಲೆಯಲ್ಲಿ ಕಡೆದು ಅದಕ್ಕೆ ಬಣ್ಣವನ್ನೂ ಕೊಟ್ಟ. ಹೀಗೆ ಮತ್ತೆ ಮತ್ತೆ ಚಿತ್ರಕ್ಕೆ ಕೂರಿಸಿದವರಿಗೆ ಆಕೆಯ ಮೇಲೆ ಅಕ್ಕರೆ ಇರಲಿಲ್ಲ ಎನ್ನಲಾರೆ. ರಾಣಿಯ ಅಕ್ಕರೆ ನಿಜವಾದದ್ದೇ. ಆದರೆ ಹುಡುಗಿ ಅನಾಥೆಯಾಗಿರಲಿಲ್ಲ. ಹೆತ್ತ ಅಪ್ಪ ಅದೇ ಲಂಡನ್ನಿನಲ್ಲಿ ಬದುಕಿದ್ದ. ಮಗಳ ಮೇಲೆ ಅವನ ನೆರಳು ಬೀಳಬಾರದೆಂದು ಪೋಷಕರು ಭೇಟಿಗಳಿಗೆ ಕಡಿವಾಣ ಹಾಕಿದರು. ಮೊದಲು ಡ್ರಮಂಡ್ ದಂಪತಿಯ ಬಳಿ, ಆಮೇಲೆ ಬೇರೆ ದೊಡ್ಡ ಮನೆಗಳಲ್ಲಿ ಆಕೆ ಬೆಳೆದಳು. ಒಂದೇ ಊರಿನಲ್ಲಿದ್ದೂ ಅಪ್ಪನ ಮುಖ ನೋಡಲು ಇನ್ನೊಬ್ಬರ ಒಪ್ಪಿಗೆ ಬೇಕಿತ್ತು ಎಂಬ ಸಂಗತಿ ನನ್ನನ್ನು ಬಹಳ ಕಾಡಿದೆ. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕಂಪನಿಯಿಂದ ಅವನು ಕೇಳಿದ ಹಣ ಸಿಗಲಿಲ್ಲ.

ಗೌರಮ್ಮನನ್ನು ಪಂಜಾಬಿನ ಮಹಾರಾಜ ದುಲೀಪ್ ಸಿಂಗನಿಗೆ ಮದುವೆ ಮಾಡಿಕೊಡಬೇಕೆಂಬುದು ರಾಣಿಯ ಆಸೆಯಾಗಿತ್ತು. ಅವನೂ ಕಂಪನಿಗೆ ರಾಜ್ಯ ಕಳೆದುಕೊಂಡು ಕ್ರೈಸ್ತನಾಗಿ ಇಂಗ್ಲೆಂಡಿಗೆ ಬಂದವನು. ಸಿಂಹಾಸನ ಕಳೆದುಕೊಂಡ ಎರಡು ಮಕ್ಕಳನ್ನು ಜೋಡಿಸಿದರೆ ಒಳ್ಳೆಯ ಕ್ರೈಸ್ತ ಕುಟುಂಬವಾದೀತು ಎಂಬ ಲೆಕ್ಕಾಚಾರ. ದುಲೀಪ್ ಒಪ್ಪಲಿಲ್ಲ, ಗೌರಮ್ಮ ಅವನ ಕಣ್ಣಿಗೆ ತಂಗಿಯಂತಿದ್ದಳು. ಬದಲಿಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನ ಪರಿಚಯ ಮಾಡಿಸಿದ. ಕ್ಯಾಂಪ್‌ಬೆಲ್ ದುಲೀಪನನ್ನು ಸಾಕಿದ ಲೇಡಿ ಲಾಗಿನ್‌ಳ ಅಣ್ಣತಮ್ಮಂದಿರಲ್ಲಿ ಒಬ್ಬ, ವಿಧುರ, ಗೌರಮ್ಮನಿಗಿಂತ ಸುಮಾರು 30 ವರ್ಷ ದೊಡ್ಡವನು. 1860ರಲ್ಲಿ ಮದುವೆಯಾಯಿತು.

ಮರುವರ್ಷ ಹುಟ್ಟಿದ ಮಗಳಿಗೆ ಇಟ್ಟ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್. ಸ್ಕಾಟಿಷ್ ಮನೆತನದ ಮಗುವಿನ ಹೆಸರಿನ ನಡುವೆ 'ಗೌರಮ್ಮ' ಬಂದು ಕೂತದ್ದು ಆಕಸ್ಮಿಕವಿರಲಾರದು. ಮನೆ, ಮತ, ಪೋಷಕರು ಎಲ್ಲವನ್ನೂ ಬೇರೆಯವರೇ ನಿಶ್ಚಯಿಸಿದ ಬಾಳಿನಲ್ಲಿ ಕಾಶಿಯಿಂದ ಹೊತ್ತು ತಂದದ್ದರಲ್ಲಿ ಆಕೆ ಮಗಳಿಗೆ ಕೊಡಬಹುದಾಗಿದ್ದದ್ದು ಆ ಹೆಸರೊಂದೇ ಎಂದು ನಾನು ಓದಿಕೊಳ್ಳುತ್ತೇನೆ. ತಾಯಿ ಮಗಳ ಸಂಸಾರ ಮೂರು ವರ್ಷವೂ ನಡೆಯಲಿಲ್ಲ, ಕ್ಷಯ ತಾಯಿಯನ್ನು ಒಯ್ದಿತು. ಕೆಲವೇ ವರ್ಷಗಳಲ್ಲಿ ಕ್ಯಾಂಪ್‌ಬೆಲ್ಲನೂ ಕಾಣೆಯಾದ. ಅವನ ಜೊತೆ ಗೌರಮ್ಮನ ಒಡವೆಗಳೂ ಕಾಣೆಯಾದವು.

ಇದೇ ರಾಣಿಯ ಆಶ್ರಯದಲ್ಲಿ ಇನ್ನೊಬ್ಬ ಹುಡುಗಿಯಿದ್ದಳು. ಸಾರಾ ಫೋರ್ಬ್ಸ್ ಬೊನೆಟಾ ಪಶ್ಚಿಮ ಆಫ್ರಿಕಾದ ಯೊರುಬಾ ಮಗು. ದಹೋಮಿಯ ದೊರೆ ಗೆಜೊನ ಸೆರೆಯಲ್ಲಿದ್ದವಳನ್ನು 1850ರಲ್ಲಿ ನೌಕಾದಳದ ಕ್ಯಾಪ್ಟನ್ ಫೋರ್ಬ್ಸ್ ರಾಣಿಗೆ ಬಂದ ಉಡುಗೊರೆಯೆಂದು ಪಡೆದು ತಂದ. ಅವಳ ಹೆಸರಿಗೆ ಸೇರಿದ 'ಬೊನೆಟಾ' ಅವನ ಹಡಗಿನದು! ಅವಳೂ ಅವರಿವರ ಮನೆಗಳಲ್ಲಿ ಬೆಳೆದಳು. ಮೊದಲು ಮನಸ್ಸಿಲ್ಲದಿದ್ದರೂ 1862ರಲ್ಲಿ ಬ್ರೈಟನ್ನಿನಲ್ಲಿ ಜೇಮ್ಸ್ ಡೇವೀಸ್ ಎಂಬ ಆಫ್ರಿಕಾದ ವ್ಯಾಪಾರಿಯನ್ನು ಮದುವೆಯಾದಳು. ಅವಳಿಗೂ ವಿಕ್ಟೋರಿಯಾ ಎಂಬ ಮಗಳು. ಸಾರಾಳನ್ನು ಕೊಂದದ್ದೂ ಕ್ಷಯವೇ, 1880ರಲ್ಲಿ, ಮದೀರಾ ದ್ವೀಪದಲ್ಲಿ.

ಇಷ್ಟು ಹೋಲಿಕೆಯಿದ್ದರೂ ಸಾರಾಳಿಗೆ ದಕ್ಕಿದ್ದು ಗೌರಮ್ಮನಿಗೆ ದಕ್ಕಲಿಲ್ಲ. ಸಾರಾ ಆಫ್ರಿಕಾಕ್ಕೆ ಮರಳಿ ಲಾಗೋಸಿನಲ್ಲಿ ಸಂಸಾರ ಹೂಡಿದಳು, ಮೂರು ಮಕ್ಕಳನ್ನು ಎತ್ತಿ ಆಡಿಸಿದಳು. ತೀರಿಕೊಂಡಾಗ ಗಂಡ ಸ್ಮಾರಕ ಸ್ತಂಭ ನಿಲ್ಲಿಸಿದ. ತಾಯಿ ಸತ್ತ ಸುದ್ದಿ ಬಂದ ದಿನಗಳಲ್ಲಿ ಹಿರಿಮಗಳು ರಾಣಿಯ ಎದುರಿಗೇ ಇದ್ದಳು, ರಾಣಿ ಅವಳಿಗೆ ವರ್ಷಾಶನ ಕಟ್ಟಿಕೊಟ್ಟಳು. ಅಮ್ಮನನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಳ್ಳುವಷ್ಟು ದೊಡ್ಡವರಾಗಿದ್ದ ಮಕ್ಕಳು ಸಾರಾಳಿಗೆ ಇದ್ದರು. ಎಡಿತ್‌ಗೆ ಅಮ್ಮನ ದನಿಯಾದರೂ ನೆನಪಿತ್ತೋ ಇಲ್ಲವೋ.

ಐಲ್ ಆಫ್ ವೈಟ್‌ನಲ್ಲಿ ರಾಣಿಯ ಮನೆಯಾಗಿದ್ದ ಆಸ್‌ಬೋರ್ನ್ ಹೌಸಿನಲ್ಲಿ ಇಬ್ಬರೂ ಚಿತ್ರಗಳಾಗಿ ಸೇರಿದರು. ಗೌರಮ್ಮನ ಚಿತ್ರ ಮೊದಲೇ ಅಲ್ಲಿನ ಸಂಗ್ರಹದಲ್ಲಿತ್ತು. ಸಾರಾಳ ಹೊಸ ಚಿತ್ರವನ್ನು ಹ್ಯಾನಾ ಉಜೊರ್ ಬರೆದರು, ಅದನ್ನು 2020ರಲ್ಲಿ ಅಲ್ಲಿ ತೂಗುಹಾಕಿದರು. ವಿಶೇಷವೆಂದರೆ ಉಜೊರ್ ಆರಿಸಿಕೊಂಡದ್ದು ಮದುವೆಯ ಉಡುಪಿನ ಸಾರಾಳನ್ನು, ಉಡುಗೊರೆಯಾಗಿ ಬಂದ ಮಗುವನ್ನಲ್ಲ. ಗೌರಮ್ಮ ಮಾತ್ರ ಅಲ್ಲಿ ಇನ್ನೂ ಬೈಬಲ್ ಹಿಡಿದ ಬಾಲಕಿ.

ಕೊಡಗಿನವರೇ ಆದ ಸಿ.ಪಿ. ಬೆಳ್ಳಿಯಪ್ಪ ಆಕೆಯನ್ನು ಹುಡುಕಿಕೊಂಡು ಹೋಗಿ 'ವಿಕ್ಟೋರಿಯಾ ಗೌರಮ್ಮ: ದಿ ಲಾಸ್ಟ್ ಪ್ರಿನ್ಸೆಸ್ ಆಫ್ ಕೂರ್ಗ್' ಎಂಬ ಇಂಗ್ಲಿಷ್ ಪುಸ್ತಕ ಬರೆದಿದ್ದಾರೆ. ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡ ಎಡಿತ್ ಬೆಳೆದು ದೊಡ್ಡವಳಾಗಿ ಯಾರ್ಡ್ಲಿ ಎಂಬ ಮನೆತನಕ್ಕೆ ಸೇರಿದಳು, ತಾನೂ ತಾಯಿಯಾದಳು. ಕೊಡಗಿನ ರಾಜರ ಕಥೆ ಹೇಳುವವರು 1834ರ ಸೋಲಿಗೆ ಬಂದು ನಿಲ್ಲಿಸುವುದೇ ರೂಢಿ. ಮಡಿಕೇರಿಯ ಶಾಲೆಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳು, ಟೀಚರುಗಳು ಅಲ್ಲಿಂದ ಇನ್ನೊಂದು 30 ವರ್ಷ ಮುಂದಕ್ಕೆ ಹೋಗಿ ಈ ತಾಯಿ ಮಗಳ ಕಥೆಯನ್ನೂ ಮಕ್ಕಳಿಗೆ ಹೇಳಬೇಕೆಂದು ನನ್ನ ಆಸೆ.