ಫ್ಲೂ ಜ್ವರ: ರೋಗಿಗಳೂ ಬಂಧುಗಳೂ ತಿಳಿದಿರಬೇಕಾದ ವಿಷಯ



ಆಸ್ಪತ್ರೆಯಲ್ಲಿರುವವರನ್ನು ಮಾತನಾಡಿಸಿಕೊಂಡು ಹೋಗುವುದು ನಮ್ಮಲ್ಲಿ ಒಳ್ಳೆಯ ರೂಢಿ. ಆದರೆ ಬಂದವರಿಗೆ ಫ್ಲೂ ಇದ್ದರೆ, ಮೊದಲೇ ನಿಶ್ಶಕ್ತರಾಗಿರುವ ರೋಗಿಗೂ ಅದು ತಗಲಬಹುದು.

ಫ್ಲೂ ಎಂದರೇನು?
ಇನ್‌ಫ್ಲುಯೆಂಜಾ ಎಂಬ ವೈರಸ್ಸಿನಿಂದ ಮೂಗು, ಗಂಟಲು, ಶ್ವಾಸಕೋಶಗಳಿಗೆ ಬರುವ ರೋಗವೇ ಫ್ಲೂ. 2009ರಲ್ಲಿ ಜಗತ್ತಿಗೆಲ್ಲ ಹರಡಿದ ಎಚ್1ಎನ್1, ಅಂದರೆ ಜನರು ಹಂದಿಜ್ವರ ಎಂದು ಕರೆದದ್ದು, ಇದರದೇ ಒಂದು ಬಗೆ. ನಮ್ಮಲ್ಲಿ ಮಳೆಗಾಲ ಮತ್ತು ಚಳಿಗಾಲದಲ್ಲಿ ಫ್ಲೂ ಹೆಚ್ಚು.

ಹೇಗೆ ಹರಡುತ್ತದೆ?
ರೋಗಿ ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹಾರುವ ಸಣ್ಣ ಹನಿಗಳಿಂದ ಹರಡುತ್ತದೆ. ಆ ಹನಿಗಳು ಬಿದ್ದ ಮಂಚ, ಲೋಟ, ಮೊಬೈಲ್ ಮುಟ್ಟಿ ಅದೇ ಕೈಯಿಂದ ಕಣ್ಣು, ಮೂಗು ಮುಟ್ಟಿದರೂ ತಗಲಬಹುದು. ಕೆಮ್ಮುವಾಗ ಬಾಯಿಗೆ ಹಿಡಿದ ಸೆರಗಿನಿಂದಲೇ ಮಗುವಿನ ಮುಖ ಒರೆಸಬೇಡಿ. ಸೋಂಕು ತಗಲಿದ 1ರಿಂದ 4 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಆದರೆ ಜ್ವರ ಬರುವ ಒಂದು ದಿನ ಮೊದಲೇ ಆ ವ್ಯಕ್ತಿ ಇತರರಿಗೆ ರೋಗ ಹರಡಬಲ್ಲ. ನಂತರವೂ ಸುಮಾರು 5ರಿಂದ 7 ದಿನ ಹರಡುತ್ತದೆ.

ಲಕ್ಷಣಗಳೇನು?
ನೆಗಡಿ ನಿಧಾನವಾಗಿ ಶುರುವಾಗುತ್ತದೆ. ಫ್ಲೂ ಒಮ್ಮೆಲೇ ಬರುತ್ತದೆ. ಚಳಿ, ಜ್ವರ, ಒಣಕೆಮ್ಮು, ಗಂಟಲುನೋವು, ತಲೆನೋವು, ವಿಪರೀತ ಮೈಕೈ ನೋವು, ಸುಸ್ತು ಇರುತ್ತವೆ. ಮಕ್ಕಳಲ್ಲಿ ವಾಂತಿ, ಭೇದಿಯೂ ಆಗಬಹುದು. ವಯಸ್ಸಾದವರಿಗೆ ಜ್ವರವೇ ಬಾರದೆ ನಿಶ್ಶಕ್ತಿ, ಗೊಂದಲ ಮಾತ್ರ ಕಾಣಬಹುದು.

ಏನು ಮಾಡಬೇಕು?
ವಿಶ್ರಾಂತಿ, ಗಂಜಿ, ಸಾಕಷ್ಟು ನೀರು ಕೊಟ್ಟರೆ ಹೆಚ್ಚಿನವರು ಒಂದು ವಾರದಲ್ಲಿ ಗುಣವಾಗುತ್ತಾರೆ. ಕೆಮ್ಮು, ಸುಸ್ತು ಇನ್ನೂ ಕೆಲವು ದಿನ ಉಳಿಯಬಹುದು. ಆಂಟಿಬಯಾಟಿಕ್ ಗುಳಿಗೆಗಳು ವೈರಸ್ಸನ್ನು ಕೊಲ್ಲುವುದಿಲ್ಲ; ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಗರ್ಭಿಣಿಯರು, 65 ವರ್ಷ ದಾಟಿದವರು, 5 ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ದಮ್ಮು, ಹೃದ್ರೋಗ ಇರುವವರು ಜ್ವರ ಬಂದ ಕೂಡಲೇ ವೈದ್ಯರಿಗೆ ತೋರಿಸಿ. ವೈರಸ್ ವಿರುದ್ಧದ ಔಷಧಿಯನ್ನು 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಇಂಥವರು ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆಯೂ ಕೇಳಿ ತಿಳಿಯಿರಿ.

ತಡಮಾಡಬೇಡಿ!
* ಉಸಿರಾಟಕ್ಕೆ ತೊಂದರೆ, ಎದೆನೋವು
* ತುಟಿ ನೀಲಿಯಾಗುವುದು
* ಮಂಪರು, ತೊದಲುವಿಕೆ
* ಮಗು ಹಾಲು, ನೀರು ಕುಡಿಯದಿರುವುದು
* ಇಳಿದ ಜ್ವರ ಮತ್ತೆ ಏರುವುದು

ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಕರೆತನ್ನಿ. ವಾರ್ಡಿನಲ್ಲಿದ್ದರೆ ಸಿಸ್ಟರ್‌ಗೆ ತಿಳಿಸಿ.

ನಮ್ಮ ವಿನಂತಿ
ಜ್ವರ, ಕೆಮ್ಮು ಇರುವವರು ರೋಗಿಯ ಬಳಿ ಉಳಿಯದೆ ಮನೆಯ ಬೇರೊಬ್ಬರನ್ನು ಕಳುಹಿಸಿ. ಬರಲೇಬೇಕಾದರೆ ಮಾಸ್ಕ್ ಧರಿಸಿ, ಸೋಪಿನಿಂದ ಕೈ ತೊಳೆದು ಒಳಗೆ ಬನ್ನಿ. ನೋಡಲು ಬರುವ ನೆಂಟರಿಗೂ ಇದನ್ನು ತಿಳಿಹೇಳಿ. ಗುಣವಾದ ಮೇಲೆ ಬಂದು ಮಾತನಾಡಿಸಬಹುದು. ಅಲ್ಲಿಯವರೆಗೆ ಫೋನಿನಲ್ಲಿ ವಿಚಾರಿಸಿದರೂ ರೋಗಿಗೆ ಸಮಾಧಾನವೇ.