ನಿಮಗಿದು ಗೊತ್ತೇ? ಪೇಪರ್ ಅಂದರೆ ಬರೀ ಪೇಪರಲ್ಲ!

ದಾವಣಗೆರೆಯಲ್ಲಿ ಬೆಳಿಗ್ಗೆ ಪೇಪರ್ ಓದಬಹುದು, ತಿಂಡಿಗೆ ಪೇಪರ್ ತಿನ್ನಬಹುದು, ಮಧ್ಯಾಹ್ನ ಪೇಪರ್ ಬರೆಯಬಹುದು, ಸಂಜೆ ಪೇಪರ್ ತೋರಿಸಿ ಪೊಲೀಸರಿಂದ ಪಾರಾಗಲೂಬಹುದು. ಹರಿಹರದ ಸೇತುವೆ ದಾಟಿದರೆ ಇನ್ನೊಂದು ಸೋಜಿಗ: ಪೇಪರ್ ಆಗಬಹುದಿದ್ದ ಮರ ಅಲ್ಲಿ ಬಟ್ಟೆಯಾಗುತ್ತದೆ!

ತಿನ್ನುವ ಪೇಪರ್

● ಪೇಪರ್ ಅವಲಕ್ಕಿಗೆ ಹೆಸರು ಬಂದಿದ್ದು ಅದರ ತೆಳುವಿನಿಂದ. ನೆನೆಸಿದ ಭತ್ತವನ್ನು ಹುರಿದು, ಬಿಸಿ ಇರುವಾಗಲೇ ಮಿಲ್ಲಿನಲ್ಲಿ ಒತ್ತುತ್ತಾರೆ. ಒತ್ತಿದಷ್ಟೂ ತೆಳು. ಗಟ್ಟಿ ಅವಲಕ್ಕಿಯನ್ನು ನೆನೆಸಬೇಕು, ಪೇಪರ್ ಅವಲಕ್ಕಿಗೆ ಒಗ್ಗರಣೆಯೇ ಸಾಕು. ನೀರಿಗೆ ಬಿದ್ದರೆ ಮುದ್ದೆಯಾಗಿಬಿಡುತ್ತದೆ.

● ಪೇಪರ್ ದೋಸೆಗೂ ದಾವಣಗೆರೆಯ ಬೆಣ್ಣೆ ದೋಸೆಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಒಂದಕ್ಕೆ ತೆಳುವೇ ಹೆಗ್ಗಳಿಕೆ, ಇನ್ನೊಂದಕ್ಕೆ ದಪ್ಪವೇ ಗತ್ತು. ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ರುಬ್ಬಿ ಹಾಕುವುದೂ ಉಂಟು. ಒಳಗೆ ಮೆತ್ತಗೆ ಬರಲಿ ಎಂದು!

● ಮಂಡಕ್ಕಿ-ಮಿರ್ಚಿಯನ್ನು ಹಳೇ ಪೇಪರಿನಲ್ಲಿ ಕಟ್ಟಿಕೊಡುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ನಿಷೇಧಿಸಿದೆ. ಮುದ್ರಣದ ಮಸಿಯಲ್ಲಿ ಸೀಸದಂಥ ಲೋಹ ಇರಬಹುದು. ಬಿಸಿ ಮಿರ್ಚಿಯ ಎಣ್ಣೆಗೆ ಅದು ಸಲೀಸಾಗಿ ಇಳಿಯುತ್ತದೆ.

● ಪೊಟ್ಟಣ ಕಟ್ಟುವವರಿಗೆ ಗೊತ್ತಿರುವ ಗುಟ್ಟು: ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದರೆ ಗೆರೆ ಎಳೆದಂತೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು. ಕಾಗದದ ಯಂತ್ರ ಓಡುವ ದಿಕ್ಕಿನಲ್ಲೇ ನಾರುಗಳು ಮಲಗಿರುವುದು ಇದಕ್ಕೆ ಕಾರಣ.

● ಚಹಾದ ಪೇಪರ್ ಕಪ್ಪು ಪೂರ್ತಿ ಪೇಪರಲ್ಲ. ಒಳಗೋಡೆಗೆ ಪ್ಲಾಸ್ಟಿಕ್ಕಿನ ತೆಳು ಪೊರೆ ಇರುತ್ತದೆ. ಅದಿಲ್ಲದಿದ್ದರೆ ಚಹಾ ಕುಡಿಯುವ ಮೊದಲೇ ಕಪ್ಪು ಚಹಾ ಕುಡಿದಿರುತ್ತಿತ್ತು.

ಓದುವ, ಬರೆಯುವ ಪೇಪರ್

● ‘ಪೇಪರ್ ಬಂತಾ?’ ಎಂದರೆ ದಾವಣಗೆರೆಯ ಹಲವು ಮನೆಗಳಲ್ಲಿ ‘ಜನತಾವಾಣಿ’ ಬಂತಾ ಎಂದೇ ಅರ್ಥ. ಎಚ್.ಎನ್. ಷಡಾಕ್ಷರಪ್ಪ ಸ್ಥಾಪಿಸಿದ ಈ ಊರಿನ ದಿನಪತ್ರಿಕೆ ಶುರುವಾದದ್ದು 1974ರಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಊರು. ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅಂದರೆ ಜಿಲ್ಲೆಗಿಂತ ಪೇಪರೇ ಹಿರಿಯದು!

● ಜುಲೈ 1 ಪೇಪರಿನ ಪಾಲಿಗೆ ವಿಶೇಷ ದಿನ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. 1879ರ ಅದೇ ದಿನ ಭಾರತದಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡ್ ಬಂತು. ತಿಂಡಿ ಕಟ್ಟುವ ನಿಯಮ ಜಾರಿಯಾದದ್ದು 2019ರ ಜುಲೈ 1ರಿಂದ. ಪ್ಲಾಸ್ಟಿಕ್ ಲೋಟ, ಸ್ಟ್ರಾಗಳನ್ನು ನಿಷೇಧಿಸಿ ಪೇಪರ್ ಲೋಟಕ್ಕೆ ದಾರಿ ಬಿಟ್ಟದ್ದು 2022ರ ಜುಲೈ 1.

● ‘ಪೇಪರ್ ಹೆಂಗಿತ್ತಲೇ?’ ಎಂದು ಕಾಲೇಜಿನ ಹುಡುಗರು ಕೇಳಿಕೊಂಡರೆ ಅದು ಪ್ರಶ್ನೆಪತ್ರಿಕೆ. ‘ಎರಡು ಪೇಪರ್ ಉಳಿದಾವು’ ಎಂದರೆ ಎರಡು ವಿಷಯ ಫೇಲು. ಮೇಷ್ಟ್ರು ‘ಪೇಪರ್ ತಿದ್ದುತ್ತಿದ್ದೇನೆ’ ಎಂದರೆ ಉತ್ತರಪತ್ರಿಕೆ, ‘ಪೇಪರ್ ಮಂಡಿಸಿದೆ’ ಎಂದರೆ ಸಂಶೋಧನಾ ಪ್ರಬಂಧ. 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲಿ ಈ ಎಲ್ಲ ಪೇಪರೂ ಒಂದೇ ದಿನ ಕಿವಿಗೆ ಬೀಳಬಹುದು.

● ಒಂದೇ ಪೇಪರನ್ನು ಮೂರು ಸಲ ಸಿದ್ಧ ಮಾಡಬೇಕಾಗಿ ಬಂದ ವರ್ಷ 2016. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಮಾರ್ಚ್ 21ರ ಪರೀಕ್ಷೆಗೂ ಸೋರಿತು, ಮಾರ್ಚ್ 31ರ ಮರುಪರೀಕ್ಷೆಗೂ ಸೋರಿತು. ಕೊನೆಗೆ ಮಕ್ಕಳು ಬರೆದದ್ದು ಏಪ್ರಿಲ್ 12ರಂದು.

● ‘ನಮ್ಮ ಹುಡುಗ ಪೇಪರ್ ಹಾಕಿದ್ದಾನೆ’ ಎಂದು ಬೆಂಗಳೂರಿನಿಂದ ಸುದ್ದಿ ಬಂದರೆ ಅವನು ಬೆಳಗಿನ ಜಾವ ಸೈಕಲ್ ಏರಿದ್ದಾನೆ ಎಂದುಕೊಳ್ಳಬೇಡಿ. ಐಟಿ ಮಂದಿಯ ಬಾಯಲ್ಲಿ ಪೇಪರ್ ಹಾಕುವುದೆಂದರೆ ರಾಜೀನಾಮೆ ಕೊಡುವುದು. ಮನೆಮನೆಗೆ ಪೇಪರ್ ಹಾಕಿ ದೊಡ್ಡವರಾದವರಲ್ಲಿ ರಾಷ್ಟ್ರಪತಿಯಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಕೂಡ ಒಬ್ಬರು.

● ಎ4 ಹಾಳೆಯ ತೂಕ ಹೇಳಲು ತಕ್ಕಡಿ ಬೇಡ. ಎ0 ಹಾಳೆಯ ವಿಸ್ತೀರ್ಣ ಸರಿಯಾಗಿ 1 ಚದರ ಮೀಟರ್. ಅದರ 16ನೇ ಒಂದು ಪಾಲು ಎ4. ಜೆರಾಕ್ಸ್ ಅಂಗಡಿಯ ‘80 ಜಿಎಸ್‌ಎಂ’ ಎಂದರೆ ಚದರ ಮೀಟರಿಗೆ 80 ಗ್ರಾಂ. ಹಾಗಾಗಿ ಒಂದು ಹಾಳೆ 5 ಗ್ರಾಂ, 500 ಹಾಳೆಯ ಒಂದು ರೀಮು ಎರಡೂವರೆ ಕಿಲೋ.

ಹೊಳೆಯಾಚೆಯ ತಿರುಳು

● ‘ಹರಿಹರ ಪಾಲಿಫೈಬರ್ಸ್’ ಕಾರ್ಖಾನೆ ಹರಿಹರದಲ್ಲಿಲ್ಲ! ಅದಿರುವುದು ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ. ತಾಲ್ಲೂಕು ರಾಣೆಬೆನ್ನೂರು, ಜಿಲ್ಲೆ ಹಾವೇರಿ. ಹೆಸರು ಮಾತ್ರ ಈ ದಡದ್ದು.

● 1972ರಲ್ಲಿ ಶುರುವಾದ ಈ ಕಾರ್ಖಾನೆ ಮರವನ್ನು ಬೇಯಿಸಿ ತಿರುಳು ತೆಗೆಯುತ್ತದೆ. ಕಾಗದದ ಕಾರ್ಖಾನೆಯಲ್ಲೂ ಮೊದಲು ಆಗುವುದು ಇದೇ. ಆದರೆ ಇಲ್ಲಿನ ತಿರುಳನ್ನು ಇನ್ನಷ್ಟು ಶುದ್ಧ ಮಾಡಿ, ಕರಗಿಸಿ, ವಿಸ್ಕೋಸ್ ಎಳೆ ಮಾಡುತ್ತಾರೆ. ರೇಯಾನ್ ಸೀರೆ ಉಟ್ಟವರು ಮರವನ್ನೇ ಉಟ್ಟಿರುತ್ತಾರೆ.

● ಅದೇ ವಿಸ್ಕೋಸ್ ದ್ರಾವಣವನ್ನು ಸಣ್ಣ ತೂತುಗಳಿಂದ ಹಾಯಿಸಿದರೆ ನೂಲು, ಉದ್ದನೆಯ ಸೀಳಿನಿಂದ ಹಾಯಿಸಿದರೆ ಸೆಲೋಫೇನ್ ಹಾಳೆ. ಎಳೆ ಮತ್ತು ಹಾಳೆಯ ನಡುವಿನ ವ್ಯತ್ಯಾಸ ಒಂದು ತೂತಿನ ಆಕಾರದಷ್ಟೇ.

● ಈ ತಿರುಳಿಗಾಗಿ ದೊಡ್ಡ ಹೋರಾಟವೇ ನಡೆದಿದೆ. 1984ರಲ್ಲಿ ಸರ್ಕಾರ ಮತ್ತು ಕಾರ್ಖಾನೆ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಕಟ್ಟಿದವು. ಊರವರ ದನಕರು ಮೇಯುತ್ತಿದ್ದ ಸುಮಾರು 30,000 ಹೆಕ್ಟೇರ್ ಜಮೀನಿನಲ್ಲಿ ನೀಲಗಿರಿ ಬೆಳೆಸುವುದು ಯೋಜನೆ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಎದುರು ನಿಂತರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು.

● 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದದ್ದು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಲು ಸರ್ಕಾರ ತೀರ್ಮಾನಿಸಿತು.

● ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರಿನ ನಿಜನಾಮ ಕ್ರಾಫ್ಟ್ ಪೇಪರ್. ಜರ್ಮನ್ ಭಾಷೆಯಲ್ಲಿ ‘ಕ್ರಾಫ್ಟ್’ ಎಂದರೆ ಬಲ. ಗಂಧಕದ ಸಂಯುಕ್ತ ಸೇರಿಸಿ ಮರ ಬೇಯಿಸುವ ಈ ವಿಧಾನದಲ್ಲಿ ನಾರು ಗಟ್ಟಿಯಾಗಿ ಉಳಿಯುತ್ತದೆ. ತಿರುಳಿನ ಕಾರ್ಖಾನೆಗಳ ಸುತ್ತ ಮೂಗಿಗೆ ಬಡಿಯುವ ನಾತವೂ ಗಂಧಕದ್ದೇ.

● ದಿನಪತ್ರಿಕೆ ಬಿಸಿಲಿಗೆ ಹಳದಿಯಾಗುವುದು ಮರದ ಲಿಗ್ನಿನ್ ಎಂಬ ಅಂಟಿನಿಂದ. ಒಳ್ಳೆಯ ಪುಸ್ತಕದ ಕಾಗದದಲ್ಲಿ ಅದನ್ನು ತೆಗೆದಿರುತ್ತಾರೆ. ಪಕ್ಕದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ದಶಕಗಳ ಕಾಲ ಪತ್ರಿಕೆಗಳಿಗೆ ಕಾಗದ ಒದಗಿಸಿ, 2015ರಲ್ಲಿ ಉತ್ಪಾದನೆ ನಿಲ್ಲಿಸಿತು.

ಬಟ್ಟೆಯಿಂದ ಬಂದ ಕಾಗದ

● ಜೇಬಿನಲ್ಲಿ ಮರೆತ ನೋಟು ಒಗೆತದಲ್ಲೂ ಬದುಕುತ್ತದೆ. ಏಕೆಂದರೆ ಅದು ಮರದ್ದಲ್ಲ, ಹತ್ತಿಯದು. ಮೈಸೂರಿನ ನೋಟು ಕಾಗದದ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 12,000 ಟನ್. ಒಂದು ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಯವರಿಗೆ ಹತ್ತಿ ಎಂದರೆ ದುಡ್ಡು ಎಂದು ಬಿಡಿಸಿ ಹೇಳಬೇಕಿಲ್ಲ.

● ಸರ್ಕಾರಿ ಕಚೇರಿಯ ‘ಕಡತ’ ಮೂಲತಃ ಬಟ್ಟೆ! ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ.

● ಹರಿಹರೇಶ್ವರ ದೇವಾಲಯದ ಕಲ್ಲುಬರಹಗಳು ವಿದ್ವಾಂಸರ ಮೇಜಿಗೆ ಬಂದದ್ದು ಕಾಗದದ ಮೇಲೇರಿ. ಒದ್ದೆ ಕಾಗದವನ್ನು ಶಾಸನಕ್ಕೆ ಹಚ್ಚಿ, ಬ್ರಶ್ಶಿನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕೊರೆದ ಅಕ್ಷರಗಳಿಗೆ ಮಸಿ ತಾಗದೆ ಬೆಳ್ಳಗೆ ಉಳಿಯುತ್ತವೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ.

ಕಚೇರಿಯ ಪೇಪರ್

● ಕರಾರಿಗೆ ‘ಬಾಂಡ್ ಪೇಪರ್ ತಗೊಂಡು ಬಾ’ ಎಂದರೆ ಬೇಕಿರುವುದು ಛಾಪಾ ಕಾಗದ. ಬಾಂಡ್ ಎಂಬುದು ಅಸಲಿಗೆ ಕಾಗದದ ಒಂದು ದರ್ಜೆ. ಸರ್ಕಾರಿ ಸಾಲಪತ್ರಗಳನ್ನು ಅದರಲ್ಲಿ ಮುದ್ರಿಸುತ್ತಿದ್ದುದರಿಂದ ಬಂದ ಹೆಸರು.

● ‘ಹೊಲದ ಪೇಪರ್’ ಎಂದರೆ ಮೊದಲು ನೆನಪಾಗುವುದು ಪಹಣಿ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಯ ಕಾಲ ಅಲ್ಲಿಗೆ ಮುಗಿಯಿತು.

● ಮತಯಂತ್ರದ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯಲ್ಲಿ ಚೀಟಿ ಕಾಣುವುದು 7 ಸೆಕೆಂಡ್ ಮಾತ್ರ. ಅದು ಮಸಿಯಿಲ್ಲದೆ ಶಾಖದಿಂದ ಕಪ್ಪಾಗುವ ಥರ್ಮಲ್ ಕಾಗದ. ಬಸ್ಸಿನ ಟಿಕೆಟ್ ಮಿಷನ್ನಿನಲ್ಲೂ ಅಂಥದ್ದೇ ಸುರುಳಿ. ಟಿಕೆಟ್ ಬಿಸಿಲಿನಲ್ಲಿ ಬಿಟ್ಟರೆ ಅಕ್ಷರ ಮಾಯ.

ಕಾಗದವಲ್ಲದ ಕಾಗದ

● ಕಾಗದದ ಹೂವಿನ ಬಣ್ಣದ ಎಸಳು ಹೂವಲ್ಲ, ಬಣ್ಣ ಬಂದ ಎಲೆ. ಅಸಲಿ ಹೂವು ನಡುವೆ ಇರುವ ಪುಟ್ಟ ಬಿಳಿ ಕೊಳವೆ. ಗಿಡದ ಇನ್ನೊಂದು ಹೆಸರಾದ ಬೋಗನ್‌ವಿಲ್ಲಾ ಫ್ರಾನ್ಸಿನ ನಾವಿಕ ಬೋಗನ್‌ವಿಲ್‌ನಿಂದ ಬಂದದ್ದು.

● ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಯಂತ್ರಕ್ಕೆ ಹೆಸರಾಯಿತು. ಲೇತಿನ ಮುಂದೆ ನಿಂತವನ ಪೇಪರ್ ಎಂದರೆ ಎಮರಿ ಪೇಪರ್. ಇಲ್ಲಿ ನಂಬರ್ ಹೆಚ್ಚಿದಷ್ಟೂ ನುಣುಪು: 80 ಒರಟು, 400 ನಯ.

● ಮರದಿಂದ ಕಾಗದ ಮಾಡುವ ಉಪಾಯವನ್ನು ಮನುಷ್ಯನಿಗೆ ತೋರಿಸಿದ್ದು ಕಣಜದ ಹುಳ. ಅದು ಮರ ಅಗಿದು ಗೂಡು ಕಟ್ಟುವುದನ್ನು ಕಂಡ ಫ್ರಾನ್ಸಿನ ರೆಯೊಮುರ್, ನಾವೂ ಹೀಗೆ ಮಾಡಬಹುದಲ್ಲ ಎಂದು 1719ರಲ್ಲಿ ಸೂಚಿಸಿದ. ಆಗ ಯುರೋಪು ಚಿಂದಿ ಬಟ್ಟೆ ಆರಿಸಿ ಕಾಗದ ಮಾಡುತ್ತಿತ್ತು. ಬಟ್ಟೆ ಕಾಗದವಾಗುವ ಆ ದಾರಿಯನ್ನೇ ಕುಮಾರಪಟ್ಟಣ ತಿರುಗಿಸಿ, ಕಾಗದದ ಮರವನ್ನು ಬಟ್ಟೆ ಮಾಡಿತು.

● ‘ರದ್ದಿ ಪೇಪರ್’ ಅಂದ ಮಾತ್ರಕ್ಕೆ ಅದರ ಆಯುಸ್ಸು ರದ್ದಾಗುವುದಿಲ್ಲ. ಕಾಗದದ ನಾರನ್ನು ಐದಾರು ಸಲ ಮತ್ತೆ ಬಳಸಬಹುದು. ಪ್ರತಿ ಸಲ ನಾರು ಗಿಡ್ಡವಾಗುತ್ತಾ ಹೋಗಿ, ಕೊನೆಗೆ ಮೊಟ್ಟೆ ಟ್ರೇಯಂಥ ಒರಟು ಕೆಲಸಕ್ಕೆ ಒದಗುತ್ತದೆ. ಇಂದಿನ ಬಿಸಿಬಿಸಿ ಸಂಪಾದಕೀಯ ಮುಂದೊಂದು ದಿನ 30 ಮೊಟ್ಟೆ ಹೊತ್ತು ನಿಮ್ಮ ಬೀದಿಯ ಅಂಗಡಿಗೆ ವಾಪಸು ಬರಬಹುದು!